ಕೊನೆಯ ಬೆಂಚಿನ ಗುಂಡಿಗಳು

ಅತ್ತೆ,

ಮೊದಲು ‘ಮೇಡಂ’ ಎಂದು ಬರೆದು ಹೊಡೆದುಹಾಕಿದೆ. ಶಾಲೆಯ ಗೇಟಿನ ಒಳಗೆ ಮೇಡಂ, ಮನೆಯ ಹೊಸ್ತಿಲ ಒಳಗೆ ಅತ್ತೆ ಎಂದು ಕಟ್ಟುಪಾಡು ಮಾಡಿದವರು ನೀವೇ. ಈಗ ನಾನು ಕೂತಿರುವುದು ನಮ್ಮ ಅಡುಗೆಮನೆಯ ಮೇಜಿನ ಮುಂದೆ, ಆದ್ದರಿಂದ ಅತ್ತೆ. ಭಾನುವಾರದ ಮಧ್ಯಾಹ್ನ, ನೀವು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೀರಿ. ನಿದ್ದೆ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತು, ಗೊರಕೆ ಕೇಳಿಸುತ್ತಿಲ್ಲ.

ತರಬೇತಿಯ ಪರೀಕ್ಷಕರ ಮುಂದೆ ನಾನು ಮಾಡಿದ ಪರೀಕ್ಷಾ ಪಾಠ ಮುಗಿದ ದಿನದಿಂದ ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ, ಉಪ್ಪು ಬೇಕಾದರೆ ಅಪ್ಪನನ್ನು ಕೇಳುತ್ತೀರಿ, ಅಪ್ಪ ನನ್ನನ್ನು ಕೇಳುತ್ತಾರೆ, ನಾನು ಅಪ್ಪನ ಕೈಗೆ ಕೊಡುತ್ತೇನೆ. ಪಾಪ, ಇಡೀ ದಿನ ಬಸ್ಸು ಓಡಿಸಿ ಬಂದ ಮನುಷ್ಯ ಮನೆಯಲ್ಲಿ ಉಪ್ಪು ಓಡಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆ ನಿಮ್ಮ ಮಾತನ್ನೂ ಅವರೇ ತಂದರು. ‘ಅಕ್ಕ ಹೇಳಿದ್ಲು. ಬುಧವಾರ ಪರೀಕ್ಷಕರು ಇನ್ನೊಂದು ಸಲ ಬರ್ತಾರಂತೆ, ಒಪ್ಪಿಸಿದ್ದಾಳಂತೆ. ಹಿಂದಿನ ಬೆಂಚಿನ ಐದು ಮಕ್ಕಳನ್ನ ಲೈಬ್ರರಿಗೆ ಕಳಿಸಿ, ಅವಳು ಹೇಳಿಕೊಟ್ಟ ಥರ ಪಾಠ ಮಾಡಿದ್ರೆ ಸಹಿ ಹಾಕ್ತಾಳಂತೆ. ಇಲ್ದಿದ್ರೆ ಇಲ್ವಂತೆ.’ ಇಷ್ಟು ಹೇಳಿ ಅಪ್ಪ ನನ್ನ ಮುಖ ನೋಡದೆ ಶೂ ಲೇಸು ಕಟ್ಟುತ್ತ ಕೂತರು.

ನಿಮ್ಮ ಸಹಿ ಇಲ್ಲದಿದ್ದರೆ ನನ್ನ ತರಬೇತಿಯ ವರ್ಷ ಹೋಯಿತು, ಮುಂದಿನ ವರ್ಷ ಮತ್ತೆ ಮೊದಲಿಂದ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವ ತಾಳ್ಮೆ ನಿಮಗಿರಲಿಕ್ಕಿಲ್ಲ. ಆ ಥರ ಪಾಠ ಮಾಡುವುದಿಲ್ಲ. ಅಪ್ಪನ ಕೈಲಿ ಹೇಳಿಕಳಿಸುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದರೆ ನನ್ನ ವಾಕ್ಯವನ್ನು ನೀವೇ ಮುಗಿಸುತ್ತೀರಿ, ಅತ್ತೆ. ಹುಟ್ಟಿದಾಗಿನಿಂದ ಮುಗಿಸುತ್ತ ಬಂದಿದ್ದೀರಿ.

ನಿಮ್ಮ ಪಾಠ ಎಂದರೆ ಎಂಥ ಪಾಠ. ರಸ್ತೆಯಲ್ಲಿ ಹೋಗುವವರು ಕಾಂಪೌಂಡಿನ ಪಕ್ಕ ನಿಂತು ಕೇಳುತ್ತಿದ್ದರು. ನೀವು ವಾಕ್ಯ ಶುರು ಮಾಡಿ, ಕೊನೆಯ ಪದವನ್ನು ಅರ್ಧಕ್ಕೆ ಬಿಟ್ಟು, ಹುಬ್ಬು ಎತ್ತಿ, ಕೈಯನ್ನು ಗಾಳಿಯಲ್ಲಿ ಚಾಚಿ ನಿಲ್ಲುತ್ತಿದ್ದಿರಿ. ‘ಮೂರರಲ್ಲಿ ಒಂದು ಪಾಲು, ನಾಲ್ಕರಲ್ಲಿ ಒಂದು ಪಾಲಿಗಿಂತ ದೊಡ್...’ ಅಷ್ಟೂ ಮಕ್ಕಳು ಒಂದೇ ಉಸಿರಿಗೆ ‘...ಡದೂ’ ಎನ್ನುತ್ತಿದ್ದರು. ಕಿಟಕಿಯ ಗಾಜು ನಡುಗುತ್ತಿತ್ತು. ಒಬ್ಬರಿಗೂ ತಪ್ಪುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಮನೆಯ ದಿಂಬುಗಳನ್ನೆಲ್ಲ ಸಾಲಾಗಿ ಕೂರಿಸಿ, ಸೌಟು ಹಿಡಿದು, ಅರ್ಧ ಪದ ಬಿಟ್ಟು ಹುಬ್ಬು ಎತ್ತುತ್ತಿದ್ದೆ. ದಿಂಬುಗಳ ಪರವಾಗಿ ನಾನೇ ಉಳಿದರ್ಧ ಕೂಗುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು ನಗುತ್ತಿದ್ದಿರಿ.

ಹಾಗಾಗಿ ತರಬೇತಿ ಕಾಲೇಜಿನಿಂದ ನನ್ನನ್ನು ನಿಮ್ಮ ತರಗತಿಗೇ ಹಾಕಿಸಿಕೊಂಡಾಗ ನನಗೆ ಭಯವೇ ಇರಲಿಲ್ಲ. ಮೊದಲ ವಾರದ ಪಾಠದಲ್ಲಿ ಮಕ್ಕಳು ನನಗೂ ಹಾಗೆಯೇ ಕೂಗಿದರು. ನೀವು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ‘ನಮ್ಮನೆ ಗಂಟಲು’ ಅಂದಿರಿ. ಆ ಇಡೀ ದಿನ ನಾನು ನೆಲದ ಮೇಲೆ ಇರಲಿಲ್ಲ.

ನೆಲಕ್ಕೆ ಇಳಿಸಿದವಳು ನಾವು ‘ಪಿಸುಮಾತು’ ಎಂದು ಕರೆಯುವ ಹುಡುಗಿ. ಅವಳನ್ನು ನೀವು ಬಲ್ಲಿರಿ, ನನ್ನ ಜೊತೆ ತರಬೇತಿಗೆ ಬಂದವಳು, ಟೈಲರ್ ಮಗಳು. ‘ಆ ಹುಡುಗಿ ಮಾತು ಎರಡನೇ ಬೆಂಚಿಗೂ ಮುಟ್ಟಲ್ಲ, ಅವಳೇನು ಟೀಚರ್ ಆಗ್ತಾಳೆ’ ಎಂದು ನೀವು ಕೈಬಿಟ್ಟವಳು. ಇನ್ನೊಬ್ಬ ಲಂಬು, ಬಾಗಿಲಲ್ಲಿ ತಲೆ ತಗ್ಗಿಸದೆ ಬರಲಾಗದವನು. ಒಬ್ಬರ ಪಾಠದಲ್ಲಿ ಇನ್ನಿಬ್ಬರು ಕೂತು ನೋಡುವುದು, ನೋಡಿದ್ದನ್ನು ಮುಲಾಜಿಲ್ಲದೆ ಹೇಳುವುದು ಎಂದು ನಾವು ಮೂವರು ಮಾತಾಡಿಕೊಂಡಿದ್ದೆವು. ನಿಜ ಹೇಳಬೇಕೆಂದರೆ ನಾನು ಒಪ್ಪಿದ್ದು ಹೊಗಳಿಕೆಯ ಆಸೆಗೆ.

ನನ್ನ ಸರದಿಯ ದಿನ ಪಿಸುಮಾತು ಅವರಮ್ಮನ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿಗಳನ್ನು ತಂದಿದ್ದಳು. ನಾನು ಯಾವ ಮಗುವಿಗೆ ಹೆಸರು ಹಿಡಿದು ಪ್ರಶ್ನೆ ಕೇಳುತ್ತೇನೋ ಆ ಮಗುವಿನ ಮುಂದೆ ಸದ್ದಿಲ್ಲದೆ ಒಂದು ಗುಂಡಿ ಇಡುತ್ತ ಹೋದಳು. ಪಾಠ ಮುಗಿದು ನಾನು ಹಿಗ್ಗಿನಿಂದ ತಿರುಗಿ ನೋಡಿದರೆ, ಮುಂದಿನ ಎರಡು ಸಾಲಿನಲ್ಲಿ ಗುಂಡಿಗಳ ಗುಡ್ಡೆ. ನಡುವಿನಲ್ಲಿ ಅಲ್ಲೊಂದು ಇಲ್ಲೊಂದು. ಕೊನೆಯ ಬೆಂಚು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಅಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿ, ಯಾವಾಗಲೂ ಹೊರಗೆ ನೋಡುವವಳು, ಎದ್ದು ನಿಂತು ಕೇಳಿದಳು: ‘ಮಿಸ್, ನಮಗ್ಯಾಕೆ ಗುಂಡಿ ಇಲ್ಲ?’

ನಾನು ಏನು ಮಾಡಿದೆ ಗೊತ್ತೇ, ಕಾರಿಡಾರಿಗೆ ಬಂದು ಪಿಸುಮಾತಿನ ಮೇಲೆ ಹರಿಹಾಯ್ದೆ. ನನ್ನ ಪಾಠ ಹಾಳುಮಾಡಲು ಬಂದೆಯಾ, ಹೊಟ್ಟೆಕಿಚ್ಚಾ ಎಂದೆಲ್ಲ ಅಂದೆ. ಅವಳು ಒಳಗೆ ಹೋಗಿ ಗುಂಡಿಗಳನ್ನು ಒಂದೊಂದಾಗಿ ಆಯ್ದುಕೊಂಡಳು. ಲಂಬು ಮಾತ್ರ, ‘ಬೈಯೋದಾದ್ರೆ ಗುಂಡಿಗೆ ಬೈಯಮ್ಮ, ಅದಕ್ಕೇನೂ ಬೇಜಾರಾಗಲ್ಲ’ ಅಂದ. ಮನೆಗೆ ಬಂದು ತರಬೇತಿಯವರು ಕೊಟ್ಟ ದಿನಚರಿಯಲ್ಲಿ ‘ಪಾಠ ಯಶಸ್ವಿಯಾಯಿತು’ ಎಂದು ಬರೆಯಹೋದೆ. ಪೆನ್ನು ಮುಂದೆ ಹೋಗಲಿಲ್ಲ. ಆ ಸಂಜೆಯಿಂದ ದಿನಾ ಒಂದೇ ಪ್ರಶ್ನೆ ಬರೆದು ಉತ್ತರ ಹುಡುಕತೊಡಗಿದೆ: ಇವತ್ತು ಯಾರಿಗೆ ನನ್ನ ಪಾಠ ಬೇಕಾಗಿತ್ತು, ಯಾರಿಗೆ ಕೊಟ್ಟು ಬಂದೆ?

ಕಾಲೇಜಿಗೆ ಒಂದು ಸಂಶೋಧನೆ ಮಾಡಿಕೊಡಬೇಕಿತ್ತಲ್ಲ. ಬೇರೆಯವರು ಹಳೆಯ ವರದಿಗಳ ಹೆಸರು ಬದಲಿಸಿ ಕೊಡುತ್ತಿದ್ದರು, ಅದೂ ನಿಮಗೆ ಗೊತ್ತು. ನಾವು ಮೂವರು ಸೇರಿ ಹಿಡಿದ ಪ್ರಶ್ನೆ ಇದು: ಎಲ್ಲರೂ ಒಟ್ಟಿಗೆ ಸರಿಯಾಗಿ ಕೂಗಿದಾಗ ಎಷ್ಟು ಮಕ್ಕಳಿಗೆ ಅರ್ಥವಾಗಿರುತ್ತದೆ? ಮೂವರೂ ನಮ್ಮ ನಮ್ಮ ತರಗತಿಯಲ್ಲಿ ಒಂದೇ ಕೆಲಸ ಮಾಡಿದೆವು. ಹುಬ್ಬು ಎತ್ತಿ, ಕೈ ಚಾಚಿ, ಅದೇ ರಾಗದಲ್ಲಿ ಕೇಳಿದೆವು. ‘ನಾಲ್ಕರಲ್ಲಿ ಒಂದು ಪಾಲು, ಮೂರರಲ್ಲಿ ಒಂದು ಪಾಲಿಗಿಂತ ದೊಡ್...’

‘...ಡದೂ.’ ಅದೇ ಸದ್ದು, ಅದೇ ಖುಷಿ, ಅದೇ ಗಾಜಿನ ನಡುಕ. ಮೊದಲ ಬೆಂಚಿನ ಗುಂಡಿ ಗುಡ್ಡೆಯವರೂ ಸೇರಿ ಕೂಗಿದರು. ಆ ಹೊತ್ತಿಗೆ ಸರಿಯಾಗಿ ನೀವು ಬಾಗಿಲಲ್ಲಿ ನಿಂತಿದ್ದಿರಿ. ‘ಮಕ್ಕಳಿಗೆ ತಪ್ಪು ಹೇಳಿಕೊಡ್ತಾ ಇದ್ದೀಯಾ?’ ಎಂದು ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಅದೇ ವಾಕ್ಯವನ್ನು ಸರಿಮಾಡಿ, ಅದೇ ಹುಬ್ಬು ಎತ್ತಿದಿರಿ. ಮಕ್ಕಳು ಅದಕ್ಕೂ ‘...ಡದೂ’ ಅಂದರು. ನೀವು ನನ್ನ ಕಡೆ ನೋಡಿ, ನೋಡು ಹೇಗೆ ಅನ್ನುವ ಹಾಗೆ ತಲೆಯಾಡಿಸಿದಿರಿ. ಒಂದು ನಿಮಿಷದ ಹಿಂದೆ ಉಲ್ಟಾ ಹೇಳಿದ ಮಕ್ಕಳು ಈಗ ಸೀದಾ ಹೇಳಿದರು, ಒಬ್ಬರಿಗೂ ಅನುಮಾನ ಬರಲಿಲ್ಲವಲ್ಲ ಎಂಬುದು ನಿಮಗೆ ಹೊಳೆಯಲೇ ಇಲ್ಲವೇ? ಇವತ್ತಿಗೂ ಅದನ್ನು ಯೋಚಿಸಿದರೆ ಮೈ ಉರಿಯುತ್ತದೆ.

ಅಂದಿನಿಂದ ಅರ್ಧ ಪದ ಬಿಡುವುದನ್ನು ನಿಲ್ಲಿಸಿದೆ. ಪ್ರಶ್ನೆ ಕೇಳಿ ಕಾಯುವುದು ಎಂದುಕೊಂಡೆ. ಕಾಯುವುದು ಎಷ್ಟು ಕಷ್ಟದ ಕೆಲಸ ಎಂದು ಆಗ ಗೊತ್ತಾಯಿತು. ತರಗತಿ ಸುಮ್ಮನಿದ್ದರೆ ನನಗೆ ಬೆವರು ಕಿತ್ತುಕೊಂಡು ಬರುತ್ತಿತ್ತು, ನಾಲಿಗೆ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಲಂಬು ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಮಕ್ಕಳಿಗಲ್ಲ, ನನಗೆ. ಪಿಸುಮಾತಿನ ತರಗತಿಯಲ್ಲಿ ಕೂತಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವಳ ಸ್ವರ ಸಣ್ಣದೆಂದು ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಾರೆ, ಕೇಳಿಸದಿದ್ದರೆ ‘ಇನ್ನೊಂದ್ಸಲ ಹೇಳಿ ಮಿಸ್’ ಎಂದು ಹೆದರದೆ ಅನ್ನುತ್ತಾರೆ. ನನ್ನ ಗಂಟಲಿಗೆ ಅಲ್ಲಿಯವರೆಗೆ ಯಾರೂ ಇನ್ನೊಂದು ಸಲ ಹೇಳಿ ಅಂದಿರಲಿಲ್ಲ. ನಾನು ಅವಳಲ್ಲಿ ಕ್ಷಮೆ ಕೇಳಿದೆ, ಅವಳು ನಕ್ಕು ಒಂದು ಹಿಡಿ ಗುಂಡಿ ಕೊಟ್ಟಳು. ಲಂಬು ಬೆಂಚುಗಳ ನಡುವೆ ನೆಲದ ಮೇಲೆ ಕೂತು ಕಲಿಸುತ್ತಿದ್ದ, ಆಗ ಅವನ ತಲೆ ಮಕ್ಕಳ ತಲೆಯ ಮಟ್ಟಕ್ಕೆ ಬರುತ್ತಿತ್ತು. ಅದನ್ನೂ ಕದ್ದೆ.

ಎಲ್ಲವೂ ಸಲೀಸಾಯಿತು ಎಂದು ನಾನು ಹೇಳುವುದಿಲ್ಲ. ಕಾಗದದ ಪಟ್ಟಿಗಳನ್ನು ಮಡಚಿ ಪಾಲು ಮಾಡುವ ಪಾಠದಲ್ಲಿ ಅಂಟು ಕೊಟ್ಟ ನನ್ನ ಬುದ್ಧಿಗೆ ಏನೆನ್ನಬೇಕು, ಇಬ್ಬರು ಬೆಂಚಿಗೇ ಅಂಟಿಕೊಂಡರು. ಪಕ್ಕದ ತರಗತಿಯ ಟೀಚರ್ ಎರಡು ಸಲ ಬಂದು ‘ಇದೇನು ಸಂತೆನಾ?’ ಎಂದು ಕೇಳಿ ಹೋದರು. ಕಸ ಗುಡಿಸುವ ಅಮ್ಮನ ಕೈಲಿ ಬೈಸಿಕೊಂಡು ನಾನೇ ಗುಡಿಸಿದೆ. ಒಂದು ಪಾಠವಂತೂ ಪೂರ್ತಿ ನೆಗೆದುಬಿತ್ತು, ಟಾಯ್ಲೆಟ್ಟಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಂಜೆ ಮೂವರೂ ಬಸ್ ಸ್ಟಾಪಿನಲ್ಲಿ ಕೂತು, ಎಲ್ಲಿ ಕೆಟ್ಟಿತು ಎಂದು ಬಿಡಿಸಿ ಬಿಡಿಸಿ ನೋಡಿದೆವು. ಬಸ್ಸುಗಳು ಬಂದವು, ಹೋದವು. ಒಂದು ಬಸ್ಸು ಅಪ್ಪನದೇ, ಹಾರ್ನ್ ಹೊಡೆದು ಹೋದರು.

ಈಗ ಪರೀಕ್ಷೆಯ ಆ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕೊನೆಯ ಬೆಂಚು ಖಾಲಿಯಾಗಿತ್ತು. ‘ಆ ಐದು ಜನ ಲೈಬ್ರರಿಲಿ ಪುಸ್ತಕ ಜೋಡಿಸ್ತಾ ಇದ್ದಾರೆ’ ಅಂದಿರಿ ನೀವು, ಬಹಳ ಸಹಜವಾಗಿ. ಪರೀಕ್ಷಕರು ಬರುವ ದಿನ ಐವರಿಗೆ ಪುಸ್ತಕ ಜೋಡಿಸುವ ಕೆಲಸ ಬರುವುದು ನಿಮ್ಮ ಶಾಲೆಯ ಹಳೆಯ ಪದ್ಧತಿ. ಆ ಮಕ್ಕಳಿಗೂ ಗೊತ್ತು, ಯಾರೂ ಹೇಳದಿದ್ದರೂ ಎದ್ದು ಹೋಗುತ್ತಾರೆ. ನಾನು ಹೋಗಿ ಕರೆದುಕೊಂಡು ಬಂದೆ. ಪರೀಕ್ಷಕರ ಪಕ್ಕ ಕೂತಿದ್ದ ನಿಮ್ಮ ಮುಖ ಕೆಂಪಾದದ್ದನ್ನು ನೋಡಿದೆ, ನೋಡಿಯೂ ನಿಲ್ಲಲಿಲ್ಲ.

ಪಾಠ ಮಾಡಿದೆ. ಮೂರು ಮಡಿಕೆ, ನಾಲ್ಕು ಮಡಿಕೆ, ಯಾವ ಪಾಲು ದೊಡ್ಡದು, ಯಾಕೆ? ಕೇಳಿ ಕಾದೆ. ಸುಮ್ಮನಿದ್ದರು. ಇನ್ನೂ ಕಾದೆ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಆಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ‘ಮಿಸ್, ನಂಗೆ ಅರ್ಥ ಆಗಿಲ್ಲ. ಇವರಿಗೂ ಆಗಿಲ್ಲ, ಸುಮ್ನೆ ಕೂತಿದ್ದಾರೆ’ ಅಂದಳು.

ನೀವು ಕಣ್ಣು ಮುಚ್ಚಿಕೊಂಡಿರಿ. ನನ್ನ ಕಣ್ಣಿಗೆ ನೀರು ಬಂತು, ಸಂತೋಷಕ್ಕೆ. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ, ಅವಳು ಪಟ್ಟಿ ಮಡಚತೊಡಗಿದಳು, ಮೂರು ಸಮ ಬರಲಿಲ್ಲ, ಬಿಚ್ಚಿ ಮತ್ತೆ ಮಡಚಿದಳು, ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠ ಅರ್ಧಕ್ಕೆ ನಿಂತಿತು. ಕಾರಿಡಾರಿನಲ್ಲಿ ನೀವು ಹೇಳಿದ್ದು ಇಷ್ಟೇ: ‘ನನ್ನ ತರಗತಿಲಿ ಒಂದು ಮಗು, ಹೊರಗಿನವರ ಮುಂದೆ, ಅರ್ಥ ಆಗಿಲ್ಲ ಅಂತು. ಇಷ್ಟು ವರ್ಷದಲ್ಲಿ ಇದೇ ಮೊದಲು. ನನ್ನ ಮಾನ ತೆಗೆದೆ.’

ಅತ್ತೆ, ಅದು ಮೊದಲ ಸಲ ಎಂಬುದೇ ನನ್ನ ತಕರಾರು.

ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳಲೇ? ನಾನೂ ನಿಮ್ಮ ತರಗತಿಯಲ್ಲಿ ಕೂತವಳು. ನಿಮ್ಮ ತಮ್ಮನ ಮಗಳೆಂದು ಎರಡನೇ ಸಾಲಿನಲ್ಲೇ ಕೂರಿಸಿದ್ದಿರಿ. ಭಾಗಾಕಾರ ನನಗೆ ತಲೆಗೆ ಹತ್ತಿರಲಿಲ್ಲ. ನಿಮ್ಮ ಹುಬ್ಬು ಏಳುತ್ತಿದ್ದಂತೆ ನಾನು ಬಾಯಿ ತೆರೆಯುತ್ತಿದ್ದೆ, ಪಕ್ಕದವಳ ಸದ್ದು ಕೇಳಿದ ಕೂಡಲೇ ತುಟಿ ಜೋಡಿಸುತ್ತಿದ್ದೆ. ಮನೆಗೆ ನೆಂಟರು ಬಂದರೆ ನನ್ನನ್ನು ಮುಂದೆ ನಿಲ್ಲಿಸಿ ಅರ್ಧ ಪದ ಬಿಡುತ್ತಿದ್ದಿರಿ, ನಾನು ಉಳಿದರ್ಧ ಹೇಳುತ್ತಿದ್ದೆ, ನೀವು ಬೆನ್ನು ತಟ್ಟುತ್ತಿದ್ದಿರಿ. ಆ ತಟ್ಟುವಿಕೆ ನನಗೆ ಎಷ್ಟು ಇಷ್ಟವಾಗಿತ್ತು ಎಂದರೆ, ಅರ್ಥವಾಗಿಲ್ಲ ಎಂದು ಹೇಳುವ ಯೋಚನೆಯೇ ಬರಲಿಲ್ಲ. ಭಾಗಾಕಾರವನ್ನು ನಾನು ನಿಜವಾಗಿ ಕಲಿತದ್ದು ಆಮೇಲೆ ಎಷ್ಟೋ ವರ್ಷಕ್ಕೆ, ಅಪ್ಪನ ಬಸ್ಸಿನ ಕಂಡಕ್ಟರ್ ಚಿಲ್ಲರೆ ಹಂಚುತ್ತಿದ್ದಾಗ. ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಬೇಡಿ. ಎಂಟು ವರ್ಷದ ಹುಡುಗಿಯದು ಏನೂ ತಪ್ಪಿರಲಿಲ್ಲ. ನಾನು ದೂರು ಕೊಡುತ್ತಿದ್ದೇನೆ, ತಡವಾಗಿ.

ನಿಮ್ಮನ್ನು ನಾನು ಕಡೆಗಣಿಸುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ನೀವು ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ. ಯಾವ ಮಗು ಯಾವ ಬಸ್ಸಿಗೆ ಹೋಗುತ್ತದೆ, ಯಾರ ಮನೆಯಲ್ಲಿ ಯಾರಿಗೆ ಮೈ ಹುಷಾರಿಲ್ಲ ಎಲ್ಲ ನಿಮಗೆ ಗೊತ್ತು. ಅಮ್ಮ ಹೋದ ಮೇಲೆ ನನ್ನ ಜಡೆ ಹೆಣೆದು ಶಾಲೆಗೆ ಕರೆದೊಯ್ದವರು ನೀವು. ಪರೀಕ್ಷಕರ ಮುಂದೆ ಎಂದೂ ತಲೆ ತಗ್ಗಿಸದವರು ನನಗೋಸ್ಕರ ಹೋಗಿ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿದ್ದೀರಿ. ಅದು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ನಿಮ್ಮನ್ನು ಕಂಡರೆ ನನಗೆ ಬಹಳ ಪ್ರೀತಿ, ಅತ್ತೆ. ಆದರೆ ಆ ಪ್ರೀತಿಗೋಸ್ಕರ ಐದು ಮಕ್ಕಳನ್ನು ಲೈಬ್ರರಿಗೆ ಕಳಿಸಲಾರೆ.

ಪರೀಕ್ಷೆಯ ಮಾರನೆಯ ದಿನ ಏನಾಯಿತು ಎಂದು ನೀವು ಕೇಳಲೇ ಇಲ್ಲ, ಮಾತು ಬಿಟ್ಟಿದ್ದಿರಲ್ಲ. ಆ ಕಿಟಕಿ ಪಕ್ಕದ ಹುಡುಗಿ ಗೇಟಿನಲ್ಲೇ ನನ್ನನ್ನು ಹಿಡಿದಳು. ಕೈಯಲ್ಲಿ ಎರಡು ಬಸ್ ಟಿಕೆಟ್, ಬರುವ ದಾರಿಯಲ್ಲಿ ಒಂದನ್ನು ಮೂರು ಮಡಚಿದ್ದಳು, ಇನ್ನೊಂದನ್ನು ನಾಲ್ಕು. ‘ಮಿಸ್, ಮೂರರದ್ದೇ ದೊಡ್ಡದು. ಹಂಚ್ಕೊಳ್ಳೋರು ಕಡಿಮೆ ಇದ್ದಾರಲ್ವಾ, ಅದಕ್ಕೆ’ ಅಂದಳು. ಆ ‘ಅದಕ್ಕೆ’ ಅವಳದೇ. ನಾನೂ ಹೇಳಿಕೊಟ್ಟಿರಲಿಲ್ಲ, ಯಾರ ಜೊತೆಗೂ ಸೇರಿ ಕೂಗಿದ್ದಲ್ಲ. ಪಿಸುಮಾತು, ಲಂಬು ಇಬ್ಬರನ್ನೂ ಕರೆದು ಇನ್ನೊಂದು ಸಲ ಹೇಳಿಸಿದೆ. ಲಂಬು ಅಷ್ಟುದ್ದದ ಮೈಯನ್ನು ಬಗ್ಗಿಸಿ ಆ ಟಿಕೆಟ್ಟುಗಳನ್ನು ನೋಡಿದ ರೀತಿ ನೀವು ನೋಡಬೇಕಿತ್ತು.

ಹಾಗಾಗಿ ಬುಧವಾರ ಹೀಗೆ ನಡೆಯುತ್ತದೆ. ಐವರೂ ಒಳಗೆ ಇರುತ್ತಾರೆ, ಮುಂದಿನ ಬೆಂಚಿನಲ್ಲಿ. ನಾನು ಕೇಳುತ್ತೇನೆ, ಕಾಯುತ್ತೇನೆ. ಯಾರಿಗಾದರೂ ಅರ್ಥವಾಗದಿದ್ದರೆ ಎದ್ದು ನಿಂತು ಹೇಳಲಿ ಎಂದು ಮೊದಲೇ ಹೇಳಿರುತ್ತೇನೆ, ಪರೀಕ್ಷಕರಿಗೂ ಅದನ್ನೇ ಹೇಳುತ್ತೇನೆ. ಸಹಿ ನಿಮ್ಮದು, ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಹಾಕದಿದ್ದರೆ ಮುಂದಿನ ವರ್ಷ ಮತ್ತೆ ಬರುತ್ತೇನೆ, ಬೇಕಾದರೆ ಅದರ ಮುಂದಿನ ವರ್ಷವೂ. ಅಪ್ಪನಿಗೆ ಹೇಳಿಯಾಗಿದೆ. ‘ನಿಮ್ಮಿಬ್ಬರದೂ ಒಂದೇ ಹಟ, ಒಂದೇ ಗಂಟಲು. ನಡುವೆ ನನ್ನನ್ನ ಯಾಕೆ ಅರೀತೀರಾ’ ಅಂದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು ಹೋದರು.

ಈ ಪತ್ರದ ಮಡಿಕೆಯಲ್ಲಿ ಒಂದು ಗುಂಡಿ ಇಟ್ಟಿದ್ದೇನೆ. ನೀಲಿಯದು, ನಾಲ್ಕು ಕಣ್ಣಿನದು. ಇದು ಎರಡನೇ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಿದ್ದವಳ ಗುಂಡಿ, ಅವಳಿಗೆ ಇನ್ನೂ ಸಿಕ್ಕಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಇದನ್ನು ನನ್ನ ತಟ್ಟೆಯ ಪಕ್ಕ ಇಡಿ. ಇಟ್ಟು, ‘ಯಾಕೆ ಹೀಗೆ ಮಾಡಿದೆ?’ ಎಂದು ಕೇಳಿ. ಉತ್ತರ ನಿಮಗೆ ಗೊತ್ತಿಲ್ಲದ ಪ್ರಶ್ನೆಯ ಹಾಗೆ ಕೇಳಿ. ನಾನು ತಡವರಿಸುತ್ತೇನೆ, ನಡುವೆ ನಿಲ್ಲುತ್ತೇನೆ, ಅನ್ನ ಆರಿಹೋಗಬಹುದು. ಹುಬ್ಬು ಎತ್ತಬೇಡಿ, ನನ್ನ ವಾಕ್ಯ ಮುಗಿಸಬೇಡಿ. ಸುಮ್ಮನೆ ಕಾಯಿರಿ. ಬೇಕಿದ್ದರೆ ಅಪ್ಪ ನಿಮ್ಮ ಕಡೆ ನೋಡಿ ತುಟಿಯ ಮೇಲೆ ಬೆರಳಿಡುತ್ತಾರೆ.

ನಿಮ್ಮ ಗಂಟಲು ಇನ್ನೂ ಬಹಳ ಕಾಲ ಗಟ್ಟಿಯಾಗಿರಲಿ, ನಡುನಡುವೆ ಅದಕ್ಕೊಂದಿಷ್ಟು ವಿರಾಮವೂ ಸಿಗಲಿ. ಸಹಿ ಇಲ್ಲದೆ ಬದುಕುತ್ತೇನೆ. ಬುಧವಾರ ಬೆಳಿಗ್ಗೆ ಹೊಸ್ತಿಲು ದಾಟುವಾಗ ನನ್ನ ಬೆನ್ನು ಮಾತ್ರ ಒಂದು ಸಲ ತಟ್ಟಿ ಕಳಿಸಿ, ಈ ಸಲ ಅರ್ಥವಾಗಿಯೇ ಹೋಗುತ್ತಿದ್ದೇನೆ.

ಗೇಟಿನ ಒಳಗೂ ಹೊರಗೂ ನಿಮ್ಮವಳೇ,
ನಿಮ್ಮ ತಮ್ಮನ ಮಗಳು